ಮೆಟ್ಟಿಲಿಳಿದವಳು ನಾನಲ್ಲ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈಗಷ್ಟೇ ನಾವೆಲ್ಲ ನೋಡಿದ ಚಿತ್ರದ ತರುಣ ನಿರ್ದೇಶಕಿಯವರೇ, ಚಿತ್ರ ಸಮಾಜದ ಸದಸ್ಯರೇ, ಮತ್ತು ದೀಪ ಹತ್ತಿದ ಮೇಲೂ ಎದ್ದುಹೋಗದೆ ಕುಳಿತಿರುವ ಸಹೃದಯ ಸಭಿಕರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಅಂದಿನ ನಾಯಕಿ’ ಎಂದು ಅಚ್ಚು ಹಾಕಿಸಿದ್ದೀರಿ. ನಾನು ನಾಯಕಿಯಾಗಿದ್ದದ್ದು ಒಟ್ಟು ಮೂವತ್ತೊಂದು ದಿನ. ಮೂವತ್ತೆಂಟು ವರ್ಷಗಳಿಂದ ನಾನು ಹೊಲಿಗೆಯವಳು. ನಾಯಕಿ ಎಂದು ಕರೆದರೆ ಯಾರನ್ನೋ ಕರೆದರೇನೋ ಎಂದು ತಿರುಗಿ ನೋಡುವಷ್ಟು ದೂರ ಬಂದಿದ್ದೇನೆ.

ನಲವತ್ತು ವರ್ಷಗಳ ಹಿಂದೆ ಒಂದು ಸಿನಿಮಾ ಅರ್ಧಕ್ಕೇ ನಿಂತುಹೋಯಿತು. ಏಕೆ ನಿಂತಿತು ಎಂದು ಹುಡುಕುತ್ತ ಹೋಗಿ ಈ ಹುಡುಗಿ ಇನ್ನೊಂದು ಸಿನಿಮಾ ಮಾಡಿದ್ದಾಳೆ. ಕಾರಣ ಎಲ್ಲರಿಗೂ ಗೊತ್ತು, ನಾಯಕಿ ಬಿಟ್ಟುಹೋದಳು. ಆದರೆ ಅವಳು ಏಕೆ ಬಿಟ್ಟುಹೋದಳು? ಛಾಯಾಗ್ರಾಹಕರು ಪ್ರೇಮ ಎನ್ನುತ್ತಾರೆ. ಮೇಕಪ್ಪಿನವರು ಕಾಯಿಲೆ ಎನ್ನುತ್ತಾರೆ. ತೀರಿಹೋದ ನಿರ್ದೇಶಕರ ಮಗ, ‘ಆಕೆಗೆ ಸೊಕ್ಕಿತ್ತು ಅಂತ ಅಪ್ಪ ಹೇಳೋರು’ ಎನ್ನುತ್ತಾರೆ. ಕೊನೆಗೆ ಕ್ಯಾಮೆರಾ ನನ್ನತ್ತ ತಿರುಗುತ್ತದೆ. ನಾನು ‘ಮರೆತುಹೋಗಿದೆ’ ಎನ್ನುತ್ತೇನೆ. ಇಡೀ ಚಿತ್ರದಲ್ಲಿ ಶುದ್ಧ ಸುಳ್ಳು ಅದೊಂದೇ. ನಿರ್ದೇಶಕಿಯವರ ಕ್ಷಮೆ ಕೇಳುತ್ತೇನೆ.

ನೀಲಿ ಗೌನಿನ ಹುಡುಗಿ ಕಬ್ಬಿಣದ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿಯುವ ಹಳೆಯ ತುಣುಕು ಬಂದಾಗ ನೀವು ಚಪ್ಪಾಳೆ ತಟ್ಟಿದಿರಿ. ಮುಂದಿನ ಸಾಲಿನವರೊಬ್ಬರು ನನ್ನತ್ತ ತಿರುಗಿ ಕೈಯೆತ್ತಿದರು. ಸ್ವಾಮೀ, ಆ ಹುಡುಗಿ ನಾನಲ್ಲ. ಮೆಟ್ಟಿಲಿಳಿದವಳು ನಾನಲ್ಲ.

ಅವಳು ಗುಬ್ಬಿ. ನನ್ನ ಡ್ಯೂಪ್. ಓಡುವುದು, ಹಾರುವುದು, ಬೀಳುವುದು ಅವಳ ಪಾಲು. ಅತ್ತರೆ, ನಕ್ಕರೆ, ಅದು ನನ್ನ ಪಾಲು. ಇಬ್ಬರ ಎತ್ತರವೂ ಒಂದೇ, ಸೊಂಟದ ಅಳತೆಯೂ ಒಂದೇ. ಉಡುಪು ವಿಭಾಗದ ದರ್ಜಿ ಒಂದೇ ಥಾನಿನ ಬಟ್ಟೆಯಲ್ಲಿ ಎರಡು ಗೌನು ಹೊಲಿದಿದ್ದರು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದರೂ ಅವಳು ನನ್ನನ್ನು ‘ಮೇಡಂ’ ಎನ್ನುತ್ತಿದ್ದಳು. ನಾನು ಅವಳನ್ನು ‘ಏ ಗುಬ್ಬಿ’ ಎನ್ನುತ್ತಿದ್ದೆ. ಸಿನಿಮಾದಲ್ಲಿ ವಯಸ್ಸನ್ನು ಲೆಕ್ಕ ಹಾಕುವ ರೀತಿಯೇ ಬೇರೆ.

ಇಪ್ಪತ್ತೊಂಬತ್ತನೆಯ ದಿನ. ಮುಚ್ಚಿಹೋದ ಒಂದು ಕಾರ್ಖಾನೆಯಲ್ಲಿ ಶೂಟಿಂಗ್. ಇಪ್ಪತ್ತೆರಡು ಮೆಟ್ಟಿಲು, ಹೊಳಪು ಬರಲೆಂದು ಅವುಗಳ ಮೇಲೆ ನೀರು ಚಿಮುಕಿಸಿದ್ದರು. ಗುಬ್ಬಿ ಎರಡು ಸಲ ಇಳಿದಳು, ಎರಡೂ ಸಲ ಸೊಗಸಾಗಿತ್ತು. ಆಮೇಲೆ ನಿರ್ದೇಶಕರು ನನ್ನತ್ತ ನೋಡಿ, ‘ಈಗ ನೀನು ಇಳಿಯಮ್ಮ, ಮುಖ ಬೇಕು’ ಎಂದರು. ‘ಕಾಲು ಉಳುಕಿದೆ ಸಾರ್’ ಎಂದೆ. ‘ಸರಿ, ಬೆನ್ನ ಕಡೆಯಿಂದ ತೆಗೆಯೋಣ. ಗುಬ್ಬಿ, ಇನ್ನೊಂದ್ಸಲ.’

ಮೂರನೆಯ ಸಲ ಅವಳು ಹದಿನೈದನೆಯ ಮೆಟ್ಟಿಲಿನಲ್ಲಿ ಜಾರಿದಳು. ಬೆನ್ನುಮೂಳೆ ಮುರಿಯಿತು. ನಿರ್ದೇಶಕರು ‘ಕಟ್’ ಎಂದರು. ನಂತರ ಛಾಯಾಗ್ರಾಹಕರತ್ತ ತಿರುಗಿ ‘ಸಿಕ್ತಾ?’ ಎಂದರು. ‘ಸಿಕ್ತು ಸಾರ್’ ಎಂದರು ಅವರು. ಯಾರನ್ನೂ ದೂರುತ್ತಿಲ್ಲ. ಅದು ಆ ಕೆಲಸದ ಮಾತು. ರೀಲು ಓಡಿದ ಮೇಲೆ ಯಾರಾದರೂ ಹಾಗೆಯೇ ಕೇಳುತ್ತಾರೆ.

ಮರುದಿನವೇ ನಾನು ಬಿಟ್ಟುಬಂದೆ. ಇಲ್ಲ, ಸರಿಯಾಗಿ ಹೇಳುತ್ತೇನೆ. ಮರುದಿನ ಕೆಲಸಕ್ಕೆ ಹೋದೆ. ಅದರ ಮರುದಿನವೂ ಹೋದೆ. ಆ ಹೊತ್ತಿಗೆ ಬೇರೊಬ್ಬಳು ಡ್ಯೂಪ್ ಬಂದಿದ್ದಳು. ಮಧ್ಯಾಹ್ನದ ವಿರಾಮದಲ್ಲಿ ನನ್ನ ಗೌನಿಗೆ ಚಹಾ ಚೆಲ್ಲಿತು. ದರ್ಜಿ ಇನ್ನೊಂದು ಗೌನು ತಂದುಕೊಟ್ಟರು. ಒಗೆದು ಇಸ್ತ್ರಿ ಮಾಡಿತ್ತು. ‘ಗುಬ್ಬಿದು ಮೇಡಂ. ಆಸ್ಪತ್ರೆಯಲ್ಲಿ ಕತ್ತರಿ ಹಾಕಿಬಿಟ್ಟಿದ್ರು. ಹೊಲಿದಿದೀನಿ, ಗೊತ್ತಾಗಲ್ಲ’ ಎಂದರು.

ನಿಜ, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಹಾಕಿಕೊಂಡು ದೀಪಗಳ ಕೆಳಗೆ ನಿಂತೆ. ಅಂಚಿನಿಂದ ಸೊಂಟದವರೆಗೆ ಒಂದು ಹೊಲಿಗೆ ನನ್ನ ಮೈಗೆ ತಾಗುತ್ತಿತ್ತು. ನಗಬೇಕಾದ ದೃಶ್ಯ. ನಕ್ಕೆ. ಅದನ್ನೂ ನೀವು ಇಂದು ನೋಡಿದ್ದೀರಿ. ಶಾಟ್ ಮುಗಿದ ಮೇಲೆ ಬಟ್ಟೆ ಬದಲಿಸಿ, ಗೌನನ್ನು ಮಡಚಿ ದರ್ಜಿಯ ಮೇಜಿನ ಮೇಲಿಟ್ಟು ಹೊರಗೆ ನಡೆದೆ. ಅಷ್ಟೇ. ಪ್ರೇಮವಿಲ್ಲ, ಕಾಯಿಲೆಯಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಗುಬ್ಬಿ ಮಲಗಿದಲ್ಲಿಂದಲೇ ಕೇಳಿದಳು. ‘ಇವತ್ತು ಶೂಟಿಂಗ್ ಇಲ್ವಾ ಮೇಡಂ?’

‘ಇದೆ.’

‘ಮತ್ತೆ?’

‘ಗುಬ್ಬಿ, ಅವತ್ತು ನನ್ನ ಕಾಲು ಉಳುಕಿರಲಿಲ್ಲ. ನೀರು ನೋಡಿ ಭಯ ಆಯ್ತು.’

‘ಗೊತ್ತಿತ್ತು. ಉಳುಕಿದೆ ಅಂದ ಕಾಲಿನ ಮೇಲೇ ಭಾರ ಹಾಕಿ ನಿಂತಿದ್ರಿ. ಕಾಲು ನಂಬಿ ಬದುಕೋರು ನಾವು, ಅಷ್ಟೂ ಗೊತ್ತಾಗಲ್ವಾ?’

‘ಗೊತ್ತಿದ್ದೂ ಯಾಕೆ ಇಳಿದೆ?’

‘ನಿಮ್ಗೆ ಭಯ ಆದಾಗ ಇಳಿಯೋಕೆ ತಾನೇ ನನ್ನ ಕರೆಸಿದ್ದು?’

 

ಅವಳು ಮತ್ತೆ ನಡೆಯಲಿಲ್ಲ. ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ. ನನಗೆ ಅಮ್ಮ ಇದ್ದಳು. ಸಿನಿಮಾ ಬಿಟ್ಟು ಗುಬ್ಬಿಯನ್ನು ಮನೆಗೆ ಕರೆತರುವ ನನ್ನ ನಿರ್ಧಾರ ಕೇಳಿ ಅಮ್ಮ ಎರಡು ತಿಂಗಳು ಮಾತು ಬಿಟ್ಟಳು, ಆಮೇಲೆ ಗುಬ್ಬಿಯ ಜೊತೆ ಮಾತ್ರ ಆಡತೊಡಗಿದಳು. ಅದೇ ದರ್ಜಿ ನಮಗಿಬ್ಬರಿಗೂ ಎರಡು ವರ್ಷ ಹೊಲಿಗೆ ಕಲಿಸಿದರು. ನಂತರ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿ ಹಾಕಿದೆವು. ನನ್ನದು ಕಾಲಿನಿಂದ ತುಳಿಯುವ ಯಂತ್ರ, ಅವಳದು ಕೈಯಿಂದ ತಿರುಗಿಸುವುದು. ತೋಳು, ಕಾಲರ್ ಅವಳು ಕೂರಿಸಿದರೇ ಸರಿ. ನಾನು ಕೂರಿಸಿದರೆ ಬಿಚ್ಚಿ ಎಸೆಯುತ್ತಾಳೆ. ದಿನಕ್ಕೊಂದು ಜಗಳ ಕಡ್ಡಾಯ. ಮೇಡಂ ಎಂದು ಕರೆಯುವುದನ್ನು ಬಿಡೆಂದರೆ ಬಿಟ್ಟಿಲ್ಲ. ‘ಹೆಸರು ಹಿಡಿದು ಕರೆದ್ರೆ ಬೈಯೋಕೆ ಮಜಾ ಇರಲ್ಲ’ ಎನ್ನುತ್ತಾಳೆ.

ಹೋದ ವಾರ ನಿರ್ದೇಶಕಿಯವರು ಚಿತ್ರದ ಪ್ರತಿ ಕಳಿಸಿಕೊಟ್ಟರು. ಅಂಗಡಿ ಬಾಗಿಲು ಮುಂದೆ ಮಾಡಿ ಇಬ್ಬರೂ ನೋಡಿದೆವು. ಗುಬ್ಬಿ ತನ್ನನ್ನು ತಾನು ಪರದೆಯ ಮೇಲೆ ಎಂದೂ ನೋಡಿದವಳಲ್ಲ. ಮೆಟ್ಟಿಲಿನ ತುಣುಕನ್ನು ನಾಲ್ಕು ಸಲ ಹಾಕಿಸಿದಳು. ಚಿತ್ರದಲ್ಲಿ ಅದು ಜಾರುವುದಕ್ಕೆ ಮೊದಲೇ ನಿಲ್ಲುತ್ತದೆ. ‘ಮುಂದಿಂದು ಎಲ್ಲಿ? ಅಷ್ಟು ಕಷ್ಟಪಟ್ಟು ಬಿದ್ದಿದ್ದೆ, ಕತ್ತರಿಸಿಬಿಟ್ರಲ್ಲ’ ಎಂದು ನಕ್ಕಳು. ನಾನು ನಗಲಿಲ್ಲ.  ಪರದೆಯತ್ತ ನೋಡುತ್ತಲೇ ಅವಳು, ‘ಚೆನ್ನಾಗೇ ಓಡ್ತಿದ್ದೆ ಅಲ್ವಾ’ ಎಂದಳು.

ನಿರ್ದೇಶಕಿಯವರೇ, ನಿಮ್ಮಲ್ಲಿ ಒಂದೇ ವಿನಂತಿ. ಚಿತ್ರದ ಕೊನೆಯಲ್ಲಿ ಅರವತ್ತು ಹೆಸರುಗಳು ಬರುತ್ತವೆ, ದೀಪ ಹಿಡಿದವರದ್ದೂ ಇದೆ. ಅವಳದ್ದಿಲ್ಲ. ಅದನ್ನು ಸೇರಿಸಿ. ನಿಜವಾದ ಹೆಸರನ್ನು ಚೀಟಿಯಲ್ಲಿ ಬರೆದು ತಂದಿದ್ದೇನೆ, ಇಳಿದ ಮೇಲೆ ಕೊಡುತ್ತೇನೆ.

ಈ ಸಂಜೆ ನಿಜ ಹೇಳಿಬಿಡುತ್ತೇನೆ ಎಂದು ಹೊರಡುವಾಗ ಅವಳಿಗೆ ಹೇಳಿದ್ದೆ. ಅವಳು ಕಾಲರಿನಿಂದ ಕಣ್ಣೆತ್ತದೆ ಹೇಳಿದಳು. ‘ನಾನು ಓಡಿದ್ದು ಹೇಳಿ. ಬಿದ್ದಿದ್ದೂ ಹೇಳಿ. ನಿಮ್ಮ ಕಾಲಿನ ವಿಷಯ ಬಿಟ್ಬಿಡಿ ಮೇಡಂ. ಜನ ನಿಮ್ಮನ್ನ ಏನಂದ್ಕೊಂಡಾರು.’

ಆಯಿತು ಎಂದು ಒಪ್ಪಿಕೊಂಡೇ ಬಂದಿದ್ದೆ. ಮಾತು ತಪ್ಪಿದೆ. ಮನೆಗೆ ಹೋದ ಮೇಲೆ ಬೈಸಿಕೊಳ್ಳುತ್ತೇನೆ.

ಕರೆದ ಸಮಾಜಕ್ಕೆ, ಕೇಳಿಸಿಕೊಂಡ ನಿಮಗೆ, ಅಂದಿನಿಂದ ಇಂದಿನವರೆಗೆ ರೀಲು ಕಾಪಾಡಿದ ಆ ಅಪರಿಚಿತ ಕೈಗಳಿಗೆ ಕೃತಜ್ಞಳಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.