ದೇವಮೂಲೆ ಕಡೆಯಿಂದ ಬಂದ ಲಾವಾ

...ಹಗಲು ಹೊತ್ತಲ್ಲಿ ಕೆಂಪಗೇನೂ ಕಾಣಲ್ಲ ಕಣೋ ನಿಶಾಂತ, ಸ್ಕೂಲ್ ಪ್ರಾಜೆಕ್ಟಿಗೆ ಆರೆಂಜ್ ಬಣ್ಣ ಬಳಿದಿದ್ದೀಯಲ್ಲ, ಅದು ಟಿವಿ ಲಾವಾ. ನಾವು ನೋಡಿದ್ದು ಕಪ್ಪು. ಮನೆ ಎತ್ತರದ ಇದ್ದಿಲ ರಾಶಿ ತಾನಾಗೇ ನಡ್ಕೊಂಡು ಬರ್ತಿತ್ತು, ನಿಧಾನಕ್ಕೆ, ನಾನಿಲ್ಲಿ ಪರ್ತಲ್ಲಿ ಥಾರ್ನ್ಲಿ ರೈಲ್ವೆ ಸ್ಟೇಷನ್ನಿಗೆ ನಡೀತೀನಲ್ಲ, ಅದಕ್ಕಿಂತ್ಲೂ ನಿಧಾನ. ಸದ್ದು ಗೊತ್ತಾ? ಬಳೆ ಅಂಗಡಿ ಕಪಾಟು ಬಿದ್ದಂಗೆ ಚಿಲ್ ಚಿಲ್ ಚಿಲ್ ಅಂತ, ನಿಲ್ಲೋದೇ ಇಲ್ಲ. "ವೈ ಡಿಡ್ ಯೂ ಈವನ್ ಲಿವ್ ದೇರ್, ಅಜ್ಜಿ?" ಅಂದ್ರೆ ಏನ್ ಹೇಳ್ಲಿ ತಾರಾ? ನಿಮ್ ತಾತಂಗೆ ಹವಾಯಿಯಲ್ಲಿ ಕೆಲ್ಸ, ಭೂಮಿ ಒಳಗಿನ ಹಬೆಯಿಂದ ಕರೆಂಟ್ ತೆಗೆಯೋ ಕಡೆ. ಹಬೆ ಇರೋ ಕಡೆ ಬೆಂಕೀನೂ ಇರುತ್ತಲ್ವಾ. ಜಾಗ ಅಗ್ಗಕ್ಕೆ ಸಿಕ್ತು. ಮೈಸೂರಲ್ಲಿ ಹುಟ್ಟಿದಾಗ್ಲಿಂದ ಬಾಡಿಗೆ ಮನೇಲೇ ಬೆಳೆದೋರು ನಿಮ್ ತಾತ, ಸ್ವಂತದ್ದು ಅಂತ ಒಂದು ಗೋಡೆ ನೋಡಿರ್ಲಿಲ್ಲ. ಆ ಮನೆ ಮೇಲೆ ಅವ್ರಿಗೆ ಎಷ್ಟು ಪ್ರಾಣ ಅಂದ್ರೆ, ಹಾಲು ಉಕ್ಕಿಸಿದ ದಿನ ಕಣ್ಣಲ್ಲಿ ನೀರು ಹಾಕ್ಕೊಂಡ್ಬಿಟ್ರು, ಹೊಗೆ ಅಂತ ಸುಳ್ಳು ಹೇಳಿದ್ರು. ಒಲೆ ಕರೆಂಟಿಂದು, ಹೊಗೆ ಎಲ್ಲಿಂದ ಬರ್ಬೇಕು!

ಏನ್ ಹೇಳ್ತಿದ್ದೆ... ಹಾಂ, ಜಾಗ. ಅದು ಬಡಗಣ ಕಡೆ ಎತ್ತರ, ತೆಂಕಣ ಕಡೆ ಇಳಿಜಾರು, ಸಮುದ್ರದ ಕಡೆಗೆ. ವಾಸ್ತು ಪ್ರಕಾರ ಉಲ್ಟಾ. ಈಶಾನ್ಯ, ಅಂದ್ರೆ ಬಡಗಣಕ್ಕೂ ಮೂಡಣಕ್ಕೂ ನಡುವಿನ ಮೂಲೆ, ದೇವಮೂಲೆ ಅಂತೀವಿ, ಅದು ತಗ್ಗಾಗಿರ್ಬೇಕು, ಖಾಲಿ ಇರ್ಬೇಕು, ಅಲ್ಲಿ ಭಾರ ಹಾಕ್ಬಾರ್ದು. ತಾತ ಇಂಜಿನಿಯರು, ಕೆಮ್ಮಿಗೂ ಲೆಕ್ಕ ಹಾಕೋ ಮನುಷ್ಯ, ಆದ್ರೆ ವಾಸ್ತು ಅಂದ್ರೆ ಮಾತ್ರ ಅವರಮ್ಮನ ಮಗ. ಜೆಸಿಬಿ ಕರ್ಸಿ ಆ ಮೂಲೆಯ ಬಂಡೆ ಎಲ್ಲಾ ಕಡಿಸಿ ತಗ್ಗು ಮಾಡಿಸ್ಬಿಟ್ರು. ಅಲ್ಲೊಂದು ತುಳಸಿ ಇಟ್ವಿ. ಚೆನ್ನಾಗೇ ಇತ್ತು, ಸುಮ್ನೆ ಹೇಳ್ಬಾರ್ದು, ಒಂಬತ್ತು... ಅಲ್ಲ, ಹತ್ತು ವರ್ಷ ಚೆನ್ನಾಗೇ ಬಾಳಿದ್ವಿ.

ಆಮೇಲೆ ಮೇಲ್ಗಡೆ ರಸ್ತೆಯಲ್ಲಿ ನೆಲ ಬಿರುಕು ಬಿಟ್ಟು ಲಾವಾ ಉಕ್ತು. ಎಲ್ರೂ ಹೊರಡಿ ಅಂತ ಅನೌನ್ಸ್ ಮಾಡಿದ್ರು. ಪಕ್ಕದ್ಮನೆಯಲ್ಲಿ ಲಾನಿ ಅಂತ, ಆ ದ್ವೀಪದವಳೇ, ನನ್ನ ವಯಸ್ಸಿನೋಳು. ಅವಳ ಪ್ರಕಾರ ಲಾವಾ ಅಂದ್ರೆ ಅಮ್ಮನವರು. ಅವಳೇನ್ ಮಾಡಿದ್ಲು ಗೊತ್ತಾ? ಸಾಮಾನು ಮಗನ ಗಾಡಿಗೆ ಹಾಕಿ, ಮನೆ ಪೂರ್ತಿ ಗುಡಿಸಿ, ಒರೆಸಿ, ಕಿಟಕಿ ಗಾಜು ಉಜ್ಜಿ, ಹೊಸ್ತಿಲ ಮೇಲೆ ಹೂವಿಟ್ಟು, ಬಾಗ್ಲು ತೆಗೆದಿಟ್ಟು ಹೊರಟ್ಳು. "ಯಾಕೆ ತೆಗೆದಿಟ್ಟೆ?" ಅಂದೆ. "ನಿಮ್ಮನೆಗೆ ದೊಡ್ಡೋರು ಬಂದ್ರೆ ಬಾಗ್ಲು ಹಾಕ್ಕೋತೀರಾ?" ಅಂದ್ಲು. ನಾನು ಮನೆಗೆ ಬಂದು ತಾತಂಗೆ ಹೇಳ್ದೆ, "ರೀ, ನಾವೂ ಒಂದ್ಸಲ ಗುಡಿಸಿ, ದೀಪ ಹಚ್ಚಿ ಹೊರಡೋಣ್ವಾ?" ಅವರು, "ಪದ್ಮಾ, ನನ್ನ ಮನೇನ ನಾನು ಉಳಿಸ್ಕೋತೀನಿ, ನೀನು ಆಗ್ಲೇ ತಿಥಿ ಮಾಡ್ಬೇಡ!" ಅಂತ ರೇಗಿದ್ರು.

ಮತ್ತೆ ಜೆಸಿಬಿ. ಬಡಗಣ ಕಡೆ ಉದ್ದಕ್ಕೂ ಕಲ್ಲು ಮಣ್ಣು ಪೇರಿಸಿ ಏರಿ ಕಟ್ಟಿಸಿದ್ರು. ಮಳೆನೀರಿನ ಟ್ಯಾಂಕಿಂದ ಪೈಪ್ ಎಳೆದು, ಲಾವಾ ತಾಗಿದ್ರೆ ತಣ್ಣಗಾಗ್ಲಿ ಅಂತ ಏರಿಗೆ ನೀರು ಹೊಡೆದ್ರು. ಭೇಷಾಗಿತ್ತು ಕಣ್ರೋ, ಊರ ಕೆರೆ ಏರಿ ಇದ್ದಂಗೆ! ಗಾಡಿ ಓಡ್ಸೋನು ಕೊನೆಗೆ ದೇವಮೂಲೆ ಹತ್ರ ಬಂದು ನಿಂತ, "ಸರ್, ದಿಸ್ ಸೈಡ್?" ಅಂದ. ತಾತ, "ನೋ, ನೋ. ದಟ್ ಈಸ್ ಗಾಡ್ಸ್ ಸೈಡ್." ಅವನು ನನ್ನ ಮುಖ ನೋಡ್ದ. ನಾನಂದೆ, "ರೀ, ಅಲ್ಲೇ ತಗ್ಗಿರೋದು, ಅಲ್ಲೂ ಹಾಕ್ಸಿ." "ಈಶಾನ್ಯಕ್ಕೆ ಭಾರ ಹಾಕ್ಬಾರ್ದು ಪದ್ಮಾ, ಇಷ್ಟು ವರ್ಷ ನಮ್ಮನ್ನ ಕಾದಿದ್ದೇ ಅದು." ಆ ದನಿಯಲ್ಲಿ ಹಟ ಇರ್ಲಿಲ್ಲ, ಭಯ ಇತ್ತು. ಭಯ ಪಟ್ಟೋರ ಹತ್ರ ವಾದ ಮಾಡೋದು ಹೆಂಗೆ ಹೇಳಿ? ಪೊಲೀಸ್ನೋರು ಬಂದು ಹೊರಡಿಸಿದ್ರು. ತಾತ ಬಾಗ್ಲಿಗೆ ಬೀಗ ಹಾಕಿ, ಜಗ್ಗಿ ನೋಡಿದ್ರು. ನಗ್ಬೇಡ ತಾರಾ. ಹಂಗೇ ಅಭ್ಯಾಸ ಅವ್ರಿಗೆ.

ದೂರದ ದಿಬ್ಬದ ಮೇಲೆ ಜನದ ಜೊತೆ ನಿಂತ್ಕೊಂಡು ನೋಡಿದ್ವಿ. ಲಾವಾ ಬಂತು, ಏರಿಗೆ ತಗುಲ್ತು, ನಿಂತೇಬಿಡ್ತು! "ನೋಡ್ದ್ಯಾ! ನೋಡ್ದ್ಯಾ ಪದ್ಮಾ!" ಅಂತ ಮಗು ಥರ ನನ್ನ ಕೈ ಅಲ್ಲಾಡಿಸಿದ್ರು. ಆಮೇಲೆ ಅದು ಏರಿ ಪಕ್ಕದಲ್ಲೇ ಮೆಲ್ಲಗೆ ಸರೀತಾ ಸರೀತಾ ಬಂದು, ತಗ್ಗು ಸಿಕ್ಕ ತಕ್ಷಣ ತಿರುಗ್ತು. ಮೊದ್ಲು ತುಳಸಿ. ಆಮೇಲೆ ದೇವರಮನೆ ಕಿಟಕಿ. ಆಮೇಲೆ... ಬಿಡಿ. ಲಾನಿ ಮನೇನೂ ಹೋಯ್ತು, ಅವತ್ತೇ ಸಂಜೆ. ಅವಳು ಅತ್ಲು, ಮೂಗು ಒರೆಸ್ಕೊಂಡು ಮಗನ ಮನೆಗೆ ಹೋದ್ಲು. ತಾತ ಅಳ್ಲೇ ಇಲ್ಲ. ಅಳ್ಬೇಕಿತ್ತು.

ಇಲ್ಲಿ ಪರ್ತಿಗೆ ನಿಮ್ಮಪ್ಪನ ಹತ್ರ ಬಂದ್ಮೇಲೆ ಯಾವುದನ್ನೂ ಅವರೇ ತೀರ್ಮಾನ ಮಾಡ್ತಿರ್ಲಿಲ್ಲ. ಕುರ್ಚಿ ಎಲ್ಲಿ ಹಾಕ್ಲಿ, ಯಾವ ಶರ್ಟ್ ಹಾಕ್ಕೊಳ್ಲಿ, ಎಲ್ಲಾ "ನೀನೇ ಹೇಳು ಪದ್ಮಾ". ಒಂದು ಮಧ್ಯಾಹ್ನ, ನೀವು ಆರ್ವೋ ಅಂತೀರಲ್ಲ, ಫ್ರೀಮ್ಯಾಂಟಲ್ ಬಂದರಲ್ಲಿ ಹಡಗು ನೋಡ್ತಾ ಕೂತಿದ್ವಿ. ಇದ್ದಕ್ಕಿದ್ದಂಗೆ, "ದೇವ್ರಿಗೆ ಅಂತ ಬಿಟ್ಟಿದ್ದ ದಾರಿ. ಲಾನಿ ಹೇಳೋ ಅಮ್ಮನೋರೇ ಅದ್ರಲ್ಲಿ ಬಂದ್ರು ಅಂದ್ಕೊಂಡ್ಬಿಡ್ಲಾ?" ಅಂದ್ರು. "ಅಂದ್ಕೊಳ್ಳಿ, ಹಾಗೇ ಅಂದ್ಕೊಳ್ಳಿ" ಅಂದೆ. ಆಮೇಲೆ ತಲೆ ಅಲ್ಲಾಡಿಸಿ, "ಇಲ್ಲ ಕಣೇ, ಆಗ್ತಿಲ್ಲ. ತಗ್ಗು ಮಾಡಿಸ್ದೋನು ನಾನೇ ಅಲ್ವಾ" ಅಂದ್ರು. ಆ ಕೊರಗು ಇಟ್ಕೊಂಡೇ ಹೋದ್ರು ಕಣ್ರೋ. ಮನೆ ಹೋಗಿದ್ದಕ್ಕೆ ನಂಗೆ ಅಷ್ಟು ಸಂಕಟ ಇಲ್ಲ, ಇದಕ್ಕೆ ಇದೆ.

ನಾಳೆ ನೀವೂ ಮನೆ ಕಟ್ತೀರಿ. ದೇವ್ರಿಗೆ ಒಂದು ಮೂಲೆ ಬಿಡಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಮುಂಚೆ ಒಂದು ಬಕೆಟ್ ನೀರು ಸುರಿದು, ಅದು ಎಲ್ಲಿಗೆ ಹರಿಯುತ್ತೆ ನೋಡ್ಕೊಳ್ಳಿ. ಏಳಿ, ಸಾರು ಆರಿಹೋಗುತ್ತೆ.