ಏಜಾಜ ಹೇಳಬೇಕಂದಿದ್ದ ಮಾತು

…ಚಾ ಬ್ಯಾಡ್ರಿ ಚಾಚಿ. ಅಯ್ಯ, ಇಟ್ಟಬಿಟ್ರೇನು? ಆತು, ಅರ್ಧಾ ಕಪ್ ಅಷ್ಟ. ನಮ್ಮೂರ ಚಚಡಿ ಬಸ್ ಹಿಡೀಬೇಕ್ರಿ ನಾ, ಅಪ್ಪ ಹಾದಿ ನೋಡತಿರತಾನ. ಇಲ್ರಿ, ವಿಶೇಷ ಏನೂ ಇಲ್ಲ. ರಾಮದುರ್ಗಕ್ಕ ಬಂದಿದ್ದೆ, ನಿಮಗ ಈ ಪುಸ್ತಕಾ ಕೊಟ್ಟ ಹೋಗೂಣಂತ… ಅಷ್ಟಽ.

ನೋಡ್ರಿಲ್ಲೆ. ಈ ದೊಡ್ಡ ಅಕ್ಷರದ್ದು ನಿಮ್ಮ ಮಗ ಏಜಾಜನ ಹೆಸರು. ಕೆಳಗ ಸಣ್ಣಗ ಐತೆಲ್ಲ, ಅದು ನಂದು, ಅನ್ನಪೂರ್ಣಾ ಅಂತ. ಧಾರವಾಡದ ಕಾಲೇಜಿನ್ಯಾಗ ನಮ್ಮ ಸರ್ ಅಂದ್ರು, ತೀರಿಕೊಂಡವರ ಹೆಸರು ಒಳಗ ಎಲ್ಲೆರ ಹಾಕೂಣು, ಮುಖಪುಟಕ್ಕ ಬ್ಯಾಡ ಅಂತ. ನಾ ಜಗಳಾಡಿದೆ! ಯಾಕ ನಗತೀರಿ? ಖರೇನ ಜಗಳಾಡೀನ್ರಿ. ಸರ್ ಮುಂದ ಬಾಯಿ ಬಿಡಲಾರದಾಕಿ ನಾನು… ಅವತ್ತ ಹೆಂಗ ಬಂತೋ ಧೈರ್ಯ.

ಈ ಪುಸ್ತಕದ ಕೆಲಸಾ ಅವಂದಽ ಅಲ್ರಿ ಮತ್ತ! ಸರ್ ನಮಗ ಹೇಳಿದ್ದು, ರಾಮದುರ್ಗದಾಗ ಮಗ್ಗ ಎಷ್ಟದಾವ, ಎಣಿಸಿಕೊಂಡ ಬರ್ರಿ ಅಂತ. ಇವಾ ಎದ್ದು ನಿಂತಾ. 'ಮಗ್ಗ ಎಣಿಸಿದ್ರ ನಮ್ಮ ಓಣಿ ತಿಳಿಯೂದಿಲ್ಲ ಸರ್. ನೂಲು ಮಾರಾವ್ರು, ಬಣ್ಣಾ ಹಾಕಾವ್ರು, ಕಂಡಿಕಿಗೆ ನೂಲು ಸುತ್ತೂ ನಮ್ಮ ಅಮ್ಮಿ, ಲಾಳಿ ಮಾಡೂ ಬಡಿಗ್ಯಾರ ಮಹಾಂತಪ್ಪ, ಸೀರಿ ಗಂಟು ಕಟಗೊಂಡು ಬೈಲಹೊಂಗಲ ಸಂತಿಗೆ ಹೋಗೂ ಪರಸಪ್ಪ… ಒಬ್ಬರ ಬಾಗಲಾ ಮುಚ್ಚಿದ್ರ ಯಾರ್ಯಾರ ಒಲಿ ಆರತಾವು? ಅದನ್ನ ಬರೀಬೇಕು' ಅಂದಾ. ನಿಮ್ಮ ಹೆಸರು ತಗೊಂಡ್ನಲ್ಲ ಅಷ್ಟೂ ಮಂದಿ ಮುಂದ, ಕ್ಲಾಸ್ ಹೋ ಅಂತ ನಕ್ತು. ನಾ ನಗಲಿಲ್ರಿ.

ಆಮ್ಯಾಲೆ ಸರ್ ನಮ್ಮಿಬ್ಬರನ್ನೂ ಕೂಡಿಸಿ ಈ ಕೆಲಸಕ್ಕ ಹಚ್ಚಿದ್ರು. ಈ ಓಣಿಯೊಳಗ ಎಷ್ಟ ಸಲ ತಿರಗೇವಿ! ನಿಮಗ ನೆನಪೈತೇನು, ನೂಲಿಗೆ ಬಣ್ಣಾ ಹಾಕೂ ಬಣ್ಣದ ಮನಿ ಮುಚ್ಚಿದ್ದು? ಬಣ್ಣದ ನೀರು ಇಳದು ಬಾವಿ ಕೆಟ್ಟಿದ್ವು, ಮಂದಿ ಜಗಳಾ ತಗದ್ರು, ಮುಚ್ಚಿದ್ರು. ಚಲೋನ ಆತು ಅಂದ್ರು ಎಲ್ಲಾರೂ. ಮುಂದ? ಬಣ್ಣದ ನೂಲು ಸೊಲ್ಲಾಪುರದಿಂದ ತರಬೇಕಾತು, ತುಟ್ಟಿ ಆತು, ಮಗ್ಗ ಒಂದೊಂದಽ ನಿಂತ್ವು. ಬಾಜೂಮನಿ ಕರೆವ್ವ ಕಂಡಿಕಿ ಬಿಟ್ಟು ಮನೋಳಿ ಕಡೆ ಉಳ್ಳಾಗಡ್ಡಿ ಕೀಳಾಕ ಹ್ವಾದ್ಲು. ಏಜಾಜ ತಲಿ ಹಿಡಕೊಂಡ ಕುಂತಿದ್ದ. 'ನೀರೂ ಉಳೀಬೇಕು, ಒಲೀನೂ ಉರೀಬೇಕು. ಎಲ್ಲಾರೂ ಸೇರಿ ಊರ ಹೊರಗ ಒಂದ ಬಣ್ಣದ ಮನಿ ಮಾಡಬೇಕು, ನೀರು ತಿಳಿ ಮಾಡಿ ಬಿಡಬೇಕು' ಅಂತಿದ್ದ. ಸರ್ ಅದಕ್ಕ ಸುಸ್ಥಿರತೆ ಅಂತ ಬರಸ್ತಿದ್ರು. ಇವಾ ಅದನ್ನ ಹೊಡದು ಹಾಕಿ 'ಕೂಡಿ ಬಾಳೂದು' ಅಂತ ಬರಿಯಾಂವ.

ಮನೋಳಿ ಹೊಳಿ ದಂಡ್ಯಾಗ ಕುಂತಾಗ ಅದನ್ನಽ ಮತ್ತೊಮ್ಮೆ ಅಂದಾ. ಕೂಡಿ ಬಾಳೂದು… ನನ್ನ ಕಡೆ ನೋಡಿ…

ಹಾಂ? ಏನಿಲ್ರಿ. ಕೆಲಸದ ಮಾತು. ಚಾ ಭಾಳ ಚಲೋ ಆಗೇತ್ರಿ ಚಾಚಿ.

ನನ್ನ ಲಗ್ನಾ? ಯಾರ ಹೇಳಿದ್ರು ನಿಮಗ? ಓಹೋ, ನಮ್ಮೂರ ರಾಚವ್ವ ಬಂದಿದ್ಲೇನು… ಹೌದ್ರಿ. ಬರೂ ತಿಂಗಳ. ಕಿತ್ತೂರಾಗ. ಹೈವೇ ಬಾಜೂಕ ಗೊಬ್ಬರದ ಅಂಗಡಿ ಅದ ಅವರದು. ಚಲೋ ಮಂದಿ. ಯಾಕ, ಖುಷಿ ಇಲ್ಲಂತ ಯಾರಂದ್ರು? ಖುಷೀನ ಅದೇನ್ರಿ. ಹೊಗಿ ಹೋತು ಕಣ್ಣಾಗ, ಅದಕ್ಕ…

ಒಲಿ ಆರೇತೇನು? ಹೂಂ… ಆರೇತಿ.

ಏಜಾಜ ಹೋದ ದಿನದ್ದು ಹೇಳಲೇನು? ನಾ ಇಲ್ಲಿತನಾ ಯಾರ ಮುಂದೂ ಹೇಳಿಲ್ಲ. ಬೈಲಹೊಂಗಲದಾಗ ಹತ್ತಿ ವ್ಯಾಪಾರದವರನ್ನ ಮಾತಾಡಿಸಿ ಮುಗಿಸಿದ್ವಿ. ನನ್ನ ಬಸ್ಸಿಗೆ ಹತ್ತಿಸಿ ಕಿಟಕಿ ಕೆಳಗ ನಿಂತಾ. ಗಾಡಿ ತಗೊಂಡು ನೆಟ್ಟಗ ರಾಮದುರ್ಗಕ್ಕ ಹೊಂಟಿದ್ದ. 'ಇವತ್ತ ಅಮ್ಮೀಗೆ ಒಂದ ಮಾತು ಹೇಳಾವದೇನಿ' ಅಂದಾ. ನಕ್ಕೋತ ಅಂದಾ. ಬಸ್ ಬಿಡ್ತು. ಕಬ್ಬಿನ ಟ್ರ್ಯಾಕ್ಟರ್ ಹಾದಿ ನಡುವ ನಿಂತಿತ್ತಂತ, ಹಿಂದ ಲೈಟ್ ಇದ್ದಿದ್ದಿಲ್ಲಂತ… ನಿಮಗ ಗೊತ್ತೈತಿ. ನಿಮಗ ಯಾಕ ಹೇಳಾಕ ಹತ್ತೇನಿ ನಾ ಅದನ್ನ.

ಮರುದಿನ ಸರ್ ಕೂಡ ನಾವೆಲ್ಲಾ ಬಂದಿದ್ವಿ. ನೀವು ನನ್ನ ನೋಡಿರಾಕಿಲ್ಲ. ಹೆಣ್ಮಕ್ಕಳು ಒಳಗ ನಿಮ್ಮ ಸುತ್ತ ಕುಂತಿದ್ರು, ನಾ ಓಣಿ ಮೂಲಿಗೆ ನೂಲಿನ ಅಂಗಡಿ ಮುಂದ ನಿಂತಿದ್ದೆ. ಒಬ್ಬ ಮುದುಕಿ ಕೇಳಿದ್ಲು, ಅವಾ ನಿನಗೇನಾಗಬೇಕವ್ವಾ ಅಂತ. ಏನೂ ಇಲ್ರಿ, ಕೂಡಿ ಕೆಲಸಾ ಮಾಡತಿದ್ವಿ ಅಂದೆ. ಅಳಾಕೂ… ಅಳಾಕ ನಾ ಯಾರು? ಹಾಸ್ಟೆಲಿಗೆ ಹೋಗಿ ನಳಾ ಬಿಟ್ಟು ಅತ್ತೆ.

ಯಾಕ್ರಿ ಹಂಗ ನೋಡತೀರಿ? ಪುಸ್ತಕದ ಮಾತ ಇರಬೇಕ್ರಿ ಅವಾ ಹೇಳೂದಿದ್ದದ್ದು. ಬಣ್ಣದ ಮನೀದು. ಮತ್ತೇನಿರತೈತಿ…

ಚಾಚಿ?

ಏನರೆ ಅನ್ರಿ. ಕೈ ಬಿಡ್ರಿ, ಬಸ್ ಹೊಕ್ಕೈತಿ… ಏನ್ ಮಾತಂತ ಕೇಳ್ರಿ ಒಮ್ಮೆ. ಯಾಕ ಕೇಳವಲ್ರಿ?

…ನಂದಽ ರೀ. ನಮ್ಮಿಬ್ಬರ ಮಾತು ನಿಮ್ಮ ಮುಂದ ಹೇಳಾಕ ಬರಾಕ ಹತ್ತಿದ್ದ ಅವಾ.

'ಅಮ್ಮಿ ಭಾಳ ಬೈತಾಳ. ನನಗೂ ಬೈತಾಳ, ನಿನಗೂ ಬೈತಾಳ. ಬೈದು ಬೈದು ಸಾಕಾಗಿ, ಹೋಗು, ಕರಕೊಂಡ ಬಾ ಆಕಿನ್ನ ಅಂತಾಳ' ಅಂದಿದ್ದ…

ಬೈರಿ ಚಾಚಿ. ಒಂದ ಸಲ ಬೈರಿ ನನಗ.