ಇಸ್ತ್ರಿಯ ಕೈಯಿಂದ ಏನೂ ಆಗಿಲ್ಲ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅವನ ಹೆಂಡತಿಗೆ, ಮಗಳಿಗೆ, ನಮ್ಮ ಕಂಪನಿಯ ಹಿರಿಯರಿಗೆ, ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು ಆಸ್ಪತ್ರೆಯಿಂದ ಬಂದಿರುವ ನರ್ಸಮ್ಮನಿಗೆ — ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿಗಳು ಖಾಲಿ ಇವೆ. ಯಾರಾದರೂ ಆ ಕಾಫಿ ಮಷೀನ್ ಆಫ್ ಮಾಡಿ, ದಯವಿಟ್ಟು. ಅದು ಗೊರಗೊರ ಎನ್ನುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ. ಹಾಂ, ಸಾಕು.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಂಥ ಸಭೆಯಲ್ಲಿ ‘ದಿವಂಗತರು’ ಎನ್ನಬೇಕು, ‘ಅವರು’ ಎನ್ನಬೇಕು. ಹಾಗೇ ಬರೆದುಕೊಂಡೂ ಬಂದಿದ್ದೆ. ಆದರೆ ‘ಅವರು’ ಎಂದ ಕೂಡಲೇ ನನ್ನ ಕಣ್ಣಮುಂದೆ ಟೈ ಕಟ್ಟಿದ ಯಾರೋ ದೊಡ್ಡ ಅಧಿಕಾರಿ ಬಂದು ನಿಲ್ಲುತ್ತಾರೆ. ಇವನು ಬರುವುದೇ ಇಲ್ಲ. ಅದಕ್ಕೆ ಏಕವಚನದಲ್ಲೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ. ಈ ಆಫೀಸಿನಲ್ಲಿ ನಾನು ಎಲ್ಲರಿಗೂ ಅಕ್ಕ — ಟೆಸ್ಟಿಂಗ್ ಅಕ್ಕ, ಬೈಯುವ ಅಕ್ಕ. ಅವನು ನಮಗೆಲ್ಲ ಇಸ್ತ್ರಿ.

ನಾನು ಇವತ್ತು ಎದ್ದಿರುವುದು ಗುಣಗಾನಕ್ಕಲ್ಲ. ಒಂದು ಪ್ರಶ್ನೆಗೆ ಉತ್ತರ ಹೇಳಲು ಎದ್ದಿದ್ದೇನೆ. ಆ ಪ್ರಶ್ನೆ ಹುಟ್ಟಿದ್ದು ಇದೇ ಕ್ಯಾಂಟೀನಿನಲ್ಲಿ. ಅವನ ಮೇಜಿನ ಸಾಮಾನು ಒಯ್ಯಲು ಅವನ ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಅಗೋ ಆ ಕಿಟಕಿಯ ಹತ್ತಿರ ಟೀ ಕುಡಿಯುತ್ತಿದ್ದವರು ಯಾರೋ ಹೇಳಿದರು — “ಸುಮ್ನೆ ಇರ್ಲಾರದೆ ಓಡ್ತಿದ್ದ ಸಾಫ್ಟ್‌ವೇರ್ ಕೋಡಿಗೆ ಕೈ ಹಾಕ್ದ. ಕೊನೆಗೆ ಅದೇ ಡಬ್ಬಿ ಅವನಿಗೇ ಕೈ ಕೊಡ್ತು ನೋಡು.” ಹಿಂದೆ ನಿಂತಿದ್ದ ಮಗು ಕೇಳಿಸಿಕೊಂಡಿತು. ಮನೆಗೆ ಹೋಗಿ ಅಮ್ಮನನ್ನು ಕೇಳಿತು — “ಅಪ್ಪ ಏನೋ ತಪ್ಪು ಮಾಡಿದ್ರಂತೆ, ಅದ್ರಿಂದಾನೇ ಹೋಗ್ಬಿಟ್ರಂತೆ. ಹೌದಾ ಅಮ್ಮಾ?”

ಹೇಳಿದವರು ಯಾರೆಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ತಲೆ ತಗ್ಗಿಸಬೇಡಿ — ತಗ್ಗಿಸಿದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಉತ್ತರವನ್ನು ಮೊದಲೇ ಹೇಳುತ್ತೇನೆ, ಮಗುವನ್ನು ಕಾಯಿಸುವುದು ಬೇಡ. ಇಲ್ಲ ಪುಟ್ಟಾ. ಅಪ್ಪ ಏನೂ ತಪ್ಪು ಮಾಡಿಲ್ಲ. ಕೊನೆಯ ಕುರ್ಚಿಯವರಿಗೂ ಕೇಳಿಸಿತಾ? ಇಲ್ಲ. ಆದರೆ ಬರೀ ‘ಇಲ್ಲ’ ಎಂದರೆ ನಮ್ಮ ಜನ ನಂಬುವುದಿಲ್ಲ, ನಾನೇ ನಂಬುವವಳಲ್ಲ. ಅದಕ್ಕೆ ಬಿಡಿಸಿ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ನಾವು ಮಾಡುವುದು ಒಂದು ಸಣ್ಣ ಡಬ್ಬಿ. ಆಸ್ಪತ್ರೆಯ ಮಂಚದ ಪಕ್ಕ ಗೋಡೆಗೆ ಹಾಕಿರುತ್ತಾರೆ. ರೋಗಿಯ ಎದೆಬಡಿತ, ಉಸಿರು ಎಲ್ಲ ಅದರೊಳಗೆ ಬರುತ್ತದೆ. ಅದನ್ನು ಅದು ನರ್ಸ್ ಕೂರುವ ಮೇಜಿನ ಪರದೆಗೆ ಕಳಿಸುತ್ತದೆ. ಕಳಿಸಿದ್ದು ಮುಟ್ಟಿತೋ ಇಲ್ಲವೋ ಕೇಳುತ್ತದೆ, ಮುಟ್ಟದಿದ್ದರೆ ಮತ್ತೆ ಕಳಿಸುತ್ತದೆ. ಈ ಕಳಿಸುವ, ಕೇಳುವ, ಮತ್ತೆ ಕಳಿಸುವ ಭಾಗ ಇದೆಯಲ್ಲ, ನೆಟ್‌ವರ್ಕ್ ಭಾಗ, ಅದರ ಕೋಡ್ ಬಹಳ ಹಳೆಯದು. ಎಷ್ಟೋ ಜನ ಬರೆದು ಬಿಟ್ಟು ಹೋಗಿದ್ದಾರೆ. ಸಾಲಿನ ಮುಂದೆ ಜಾಗ ಬಿಡಲು ಒಬ್ಬರು ಟ್ಯಾಬ್ ಒತ್ತಿದ್ದರು, ಇನ್ನೊಬ್ಬರು ಸ್ಪೇಸ್ ಒತ್ತಿದ್ದರು. ಒಬ್ಬರ ಬ್ರ್ಯಾಕೆಟ್ ಮೇಲಿನ ಸಾಲಿನಲ್ಲಿ, ಇನ್ನೊಬ್ಬರದ್ದು ಕೆಳಗೆ. ಬೇರೆ ಬೇರೆ ಮನೆಯ ಬಟ್ಟೆಗಳನ್ನು ಒಂದೇ ಬುಟ್ಟಿಗೆ ತುಂಬಿದಂತಿತ್ತು. ಓಡುತ್ತಿತ್ತು, ಆದರೆ ಓದಲು ಹೋದರೆ ತಲೆ ಸುತ್ತು ಬರುತ್ತಿತ್ತು.

ಅದಕ್ಕೆ ಇಸ್ತ್ರಿ ಹಾಕುತ್ತೇನೆ ಎಂದು ಹೊರಟವನು ಇವನೊಬ್ಬನೇ. ಯಾರೂ ಹೇಳಿರಲಿಲ್ಲ. ಮ್ಯಾನೇಜರ್ ಸಾಹೇಬರು ಇಲ್ಲೇ ಇದ್ದಾರೆ, ಹೌದಲ್ವಾ ಸರ್? ನೀವೇ ಕೇಳಿದ್ದಿರಿ — “ಇದ್ರಿಂದ ಡಬ್ಬಿಗೆ ಹೊಸದಾಗಿ ಏನು ಬರುತ್ತೆ?” ಅವನು ಎದೆ ಉಬ್ಬಿಸಿಕೊಂಡು ಹೇಳಿದ್ದ — “ಏನೂ ಬರಲ್ಲ ಸರ್.”

ತಮಾಷೆ ಏನೆಂದರೆ, ಅವನ ಅಂಗಿ ಒಂದು ದಿನವಾದರೂ ಇಸ್ತ್ರಿ ಕಂಡಿರಲಿಲ್ಲ. ಕಾಲರ್ ಒಂದು ಕಡೆ ಮೇಲೆ, ಒಂದು ಕಡೆ ಒಳಗೆ. ಹೆಂಡತಿ — ಅವಳು ಡ್ರೈವಿಂಗ್ ಕಲಿಸುವವಳು, ನಮ್ಮಲ್ಲಿ ಎಷ್ಟೋ ಜನ ಅವಳ ಹತ್ತಿರವೇ ಗೇರ್ ಹಾಕಲು ಕಲಿತವರು — ಅವಳು ಹೇಳುತ್ತಿದ್ದಳು, “ಆಫೀಸಲ್ಲಿ ಇಸ್ತ್ರಿ, ಮನೇಲಿ ಬರೀ ಸುಕ್ಕು.” ನಗಬಹುದಮ್ಮಾ. ನೀನೂ ನಗು. ಅವನಿದ್ದಿದ್ದರೆ ಅವನೂ ಕಾಲರ್ ಮುಟ್ಟಿ ನೋಡಿಕೊಂಡು ನಗುತ್ತಿದ್ದ.

ಒಂದು ಗುಂಡಿ ಒತ್ತಿದರೆ ಸಾಲುಗಳೆಲ್ಲ ತಾವಾಗಿಯೇ ನೇರವಾಗುವ ಸಾಧನ ಇದೆ, ನಮ್ಮವರಿಗೆಲ್ಲ ಗೊತ್ತು. ಅವನೂ ಒತ್ತುತ್ತಿದ್ದ. ಒತ್ತಿದ ಮೇಲೆ ಮತ್ತೆ ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದ. “ಗುಂಡಿಗೇನು ಗೊತ್ತು ಅಕ್ಕಾ, ಯಾವ ಸಾಲು ಯಾಕೆ ಓರೆ ಇದೆ ಅಂತ?” ಎನ್ನುತ್ತಿದ್ದ. ಓದಿ ಮುಗಿದ ಮೇಲೆ ಇಸ್ತ್ರಿಗೆ ಮೊದಲಿನ ಕೋಡನ್ನೂ ಆಮೇಲಿನ ಕೋಡನ್ನೂ ಯಂತ್ರದ ಭಾಷೆಗೆ ಇಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದೆವು. ಒಂದಕ್ಕೊಂದು ಪಡಿಯಚ್ಚಾಗಿರಬೇಕು. ಒಂದು ಅಕ್ಷರ ಆಚೀಚೆಯಾದರೂ ನಾನು ವಾಪಸ್ ಅಟ್ಟುತ್ತಿದ್ದೆ. ಪಡಿಯಚ್ಚಾಗಿದ್ದರೆ ಅವನು ನನ್ನ ಮೇಜಿಗೆ ಓಡಿ ಬರುತ್ತಿದ್ದ — ಹೀಗೆ, ಎರಡೂ ಕೈ ಮೇಲೆತ್ತಿಕೊಂಡು — “ಏನೂ ಆಗಿಲ್ಲ ಅಕ್ಕಾ! ಏನೂ ಆಗಿಲ್ಲ!” ನಾನು ಗದರುತ್ತಿದ್ದೆ, “ಏನೂ ಆಗ್ದೇ ಇರೋದಕ್ಕೆ ಇಷ್ಟು ಕುಣೀತೀಯಲ್ಲಪ್ಪಾ, ಏನಾದ್ರೂ ಆದ್ರೆ ಏನ್ ಗತಿ?”

ಹಾಗೆ ಅಂದುಬಿಟ್ಟಿದ್ದೆ, ನೋಡಿ. ಬಾಯಿಗೆ ಬಂದದ್ದು ಅನ್ನುವುದು.

ಇರಲಿ. ಕ್ಯಾಂಟೀನಿನ ಮಾತಿಗೆ ಬರುತ್ತೇನೆ. ಆ ಮಾತು ಗಾಳಿಯಿಂದ ಹುಟ್ಟಿದ್ದಲ್ಲ, ಅದಕ್ಕೆ ಒಂದು ಸಾಲಿನ ಆಧಾರ ಇದೆ. ಕೋಡಿನೊಳಗೆ ‘ಸ್ವಲ್ಪ ತಡೆ’ ಎಂದು ಡಬ್ಬಿಗೆ ಹೇಳುವ ಒಂದು ಸಾಲಿತ್ತು. ಅದರ ಮೇಲಿನ ಸಾಲು — ‘ಉತ್ತರ ಬಾರದಿದ್ದರೆ ಒಂದು ಎಣಿಸಿಕೊ’. ಬರೆದವರು ಈ ‘ಸ್ವಲ್ಪ ತಡೆ’ಯನ್ನು ಒಳಗೆ ತಳ್ಳಿ ಬರೆದಿದ್ದರು. ನೋಡಿದರೆ, ಉತ್ತರ ಬಾರದಾಗ ಮಾತ್ರ ತಡೆಯುತ್ತದೆ ಅನ್ನಿಸಬೇಕು. ನಿಜದಲ್ಲಿ ಆ ಎರಡು ಸಾಲನ್ನೂ ಒಟ್ಟಿಗೆ ಕಟ್ಟುವ ಬ್ರ್ಯಾಕೆಟ್ ಇರಲಿಲ್ಲ. ಡಬ್ಬಿ ಪ್ರತಿ ಸಂದೇಶ ಕಳಿಸಿದ ಮೇಲೂ, ಉತ್ತರ ಬಂದರೂ ಬಾರದಿದ್ದರೂ, ಒಂದು ಚೂರು ತಡೆಯುತ್ತಿತ್ತು. ಅದನ್ನು ಕಂಡುಹಿಡಿದವನು ಇವನೇ. ನನ್ನ ಹತ್ತಿರ ಬಂದು ಕೇಳಿದ — “ಅಕ್ಕಾ, ಕಣ್ಣು ಹೇಳೋದು ಒಂದು, ಮಷೀನ್ ಮಾಡೋದು ಒಂದು. ನಾನು ಯಾರ ಮಾತು ಕೇಳ್ಲಿ?” ನಾನು ಹೇಳಿದೆ — “ನೀನು ಇಸ್ತ್ರಿ ಹಾಕೋನು, ಬಟ್ಟೆ ಹೊಲಿಯೋನಲ್ಲ. ಮಷೀನ್ ಏನ್ ಮಾಡ್ತಿದ್ಯೋ ಅದನ್ನೇ ಕಣ್ಣಿಗೆ ಕಾಣಿಸು.” ಅವನು ಆ ಸಾಲನ್ನು ಒಂದು ಹೆಜ್ಜೆ ಹೊರಗೆ ಎಳೆದ, ಕಣ್ಣಿಗೆ ಮಾತ್ರ; ಮಷೀನ್ ಮಾಡುವುದು ಮೊದಲಿನ ಹಾಗೇ ಇತ್ತು. ಅಷ್ಟೇ. ಆ ತಡೆ ಬೇಕೋ ಬೇಡವೋ ಎಂದು ಬೇರೆ ಪ್ರಶ್ನೆ ಎತ್ತಿ ಎಲ್ಲರಿಗೂ ಕಳಿಸಿದ. ಯಾರೂ ಉತ್ತರ ಕೊಡಲಿಲ್ಲ, ಎಲ್ಲರಿಗೂ ಬೇರೆ ಕೆಲಸ ಇತ್ತು. ಆಮೇಲೆ ಆ ಸಾಲು ಸರಿದದ್ದನ್ನು ಕಂಡವರು, ತಡೆಯನ್ನು ಇವನೇ ತಂದದ್ದು ಅಂದುಕೊಂಡರು.

ಆ ಕೋಡ್ ಇರುವ ಸಾಫ್ಟ್‌ವೇರ್ ಊರಿನ ಆಸ್ಪತ್ರೆಗೆ ಹೋಯಿತು. ಆಮೇಲೆ ಇವನಿಗೆ ಎದೆನೋವು ಬಂತು. ಅದೇ ಆಸ್ಪತ್ರೆ, ಅದೇ ವಾರ್ಡ್, ಗೋಡೆಯ ಮೇಲೆ ನಮ್ಮದೇ ಡಬ್ಬಿ.

ನಾನು ನೋಡಲು ಹೋದೆ. ಎದೆಯ ತುಂಬ ವೈರು. ಹಸಿರು ದೀಪ ಮಿಣುಕುತ್ತಿತ್ತು. ಅವನು ನನ್ನನ್ನು ನೋಡಲಿಲ್ಲ, ಕತ್ತು ತಿರುಗಿಸಿ ಡಬ್ಬಿ ನೋಡುತ್ತಿದ್ದ. “ಅಕ್ಕಾ, ನಮ್ದು! ಹೊಸ ಸಾಫ್ಟ್‌ವೇರೇ ಹಾಕಿದ್ದಾರೆ, ನರ್ಸಮ್ಮನ್ನ ಕೇಳ್ದೆ” ಎಂದ. ನಾನು, “ಅದಿರ್ಲಿ, ನೀನು ಹೇಗಿದ್ದೀಯಾ?” ಎಂದೆ. “ನನಗೇನೂ ಆಗಿಲ್ಲ” ಎಂದ. ನಾಳೆ ಮನೆಗೆ ಕಳಿಸುತ್ತಾರಂತೆ ಎಂದ. ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಎಸೆದಿದ್ದ, ಸುಕ್ಕುಸುಕ್ಕು. ನಾನು ಮಡಿಸಿಟ್ಟು ಬಂದೆ. ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು.

— ಒಂದು ನಿಮಿಷ. ನೀರು ಕೊಡಿ.

ಕ್ಯಾಂಟೀನಿನ ಮಾತು ನನ್ನ ಕಿವಿಗೆ ಬಿದ್ದಾಗ ನನಗೂ ಅನುಮಾನ ಬಂತು. ಸುಳ್ಳು ಹೇಳುವುದಿಲ್ಲ. ಗೊತ್ತು, ಪಡಿಯಚ್ಚು ನೋಡಿದವಳು ನಾನೇ, ಒಪ್ಪಿಗೆ ಕೊಟ್ಟವಳು ನಾನೇ. ಆದರೂ ಓಡಿ ಹೋಗಿ ಮತ್ತೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ. ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದೆ. ಒಂದೇ. ಅಷ್ಟರಲ್ಲಿ ಅವನ ಹೆಂಡತಿ ಫೋನ್ ಮಾಡಿದಳು. “ಅಕ್ಕಾ, ನನ್ನ ಕಾರಲ್ಲಿ ಬ್ರೇಕ್ ಹಿಡೀಲಿಲ್ಲ ಅಂದ್ರೆ ನಾನು ಇಳಿದು ಬಗ್ಗಿ ನೋಡ್ತೀನಿ. ಇದನ್ನೂ ನೋಡ್ಬೇಕು. ನಿಮ್ಮ ಡಬ್ಬಿ ಅವತ್ತು ತಡ ಮಾಡ್ತೋ ಇಲ್ವೋ, ನನಗೆ ತೋರ್ಸಿ.”

ಇಬ್ಬರೂ ಆಸ್ಪತ್ರೆಗೆ ಹೋದೆವು. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವರು ಒಳ್ಳೆಯವರು, ಅವಳು ಕೇಳಿದ್ದಕ್ಕೆ ಇಲ್ಲ ಎನ್ನಲಿಲ್ಲ. ಆ ಮಧ್ಯಾಹ್ನದ ಲಾಗ್ ತೆಗೆದು ಕೊಟ್ಟರು. ಡಬ್ಬಿ ಏನೇನು ಮಾಡಿತು ಎಂಬುದನ್ನು ಅದೇ ಸಾಲು ಸಾಲಾಗಿ ಬರೆದಿಟ್ಟಿರುತ್ತದೆ. ಅವಳು ಪರದೆಯ ಮೇಲೆ ಬೆರಳಿಟ್ಟಳು — ಅವನು ಇಡುತ್ತಿದ್ದ ಹಾಗೇ. “ಇದು ಎದೆಬಡಿತ ಬಿದ್ದಿದ್ದಾ?” “ಹೌದಮ್ಮಾ.” “ಇದು ಡಬ್ಬಿ ಕಳ್ಸಿದ್ದು?” “ಹೌದು.” “ಇದು ಅಲ್ಲಿಗೆ ಮುಟ್ಟಿದ್ದು?” “ಹೌದು.” “ನಡುವೆ ಇಷ್ಟೇನಾ?” ಇಷ್ಟೇ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಆ ‘ಸ್ವಲ್ಪ ತಡೆ’ ಇದೆಯಲ್ಲ, ಅದು ಬಂದದ್ದು ಸಂದೇಶ ಹೋಗಿ ಮುಟ್ಟಿದ ಮೇಲೆ. ಅವನು ಕೈ ಹಾಕುವ ಮೊದಲೂ ಅದು ಅಲ್ಲೇ ಇತ್ತು, ಆಮೇಲೂ ಅಲ್ಲೇ ಇತ್ತು.

ನರ್ಸಮ್ಮ ಆಗ ಪಕ್ಕದಲ್ಲೇ ನಿಂತಿದ್ದರು. ಕೇಳದಿದ್ದರೂ ಹೇಳಿದರು — “ಶಬ್ದ ಆಗೋಕೆ ಮುಂಚೆ ಪರದೆ ಕೆಂಪಾಯ್ತು, ನಾನು ಓಡಿದೆ. ಡಾಕ್ಟರೂ ಬಾಗಿಲಲ್ಲೇ ಇದ್ರು. ನಾನು ಇನ್ನೂ ಜೋರಾಗಿ ಓಡ್ಬೇಕಿತ್ತಾ?” ಇಲ್ಲ ತಾಯಿ. ನೀವು ಓಡಿದ್ದೂ ಲಾಗಿನಲ್ಲಿದೆ. ಅಲಾರಂ ನಿಲ್ಲಿಸಲು ಮಂಚದ ಪಕ್ಕದ ಗುಂಡಿ ಒತ್ತಿದಿರಲ್ಲ, ಅದೂ ಇದೆ. ಅದಕ್ಕಿಂತ ಬೇಗ ಯಾರ ಕಾಲಿಗೂ ಓಡಲು ಆಗುವುದಿಲ್ಲ.

ಅವನ ಹೆಂಡತಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಎಲ್ಲವನ್ನೂ ನೋಡಿ ಮುಗಿಸಿದಳು. “ಹಾಗಾದ್ರೆ ಯಾರೂ ತಡ ಮಾಡಿಲ್ಲ” ಎಂದಳು. “ಇಲ್ಲಮ್ಮಾ, ಯಾರೂ ಮಾಡಿಲ್ಲ” ಎಂದೆ. ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು. ಅವಳು ಆ ಕುರ್ಚಿಯಲ್ಲೇ ಕುಸಿದು ಅಳಲು ಶುರು ಮಾಡಿದಳು. “ಯಾರಾದ್ರೂ ತಡ ಮಾಡಿದ್ರೆ ಅವರನ್ನ ಬೈಕೊಂಡಾದ್ರೂ ಬದುಕ್ತಿದ್ದೆ ಅಕ್ಕಾ. ಈಗ ನಾನು ಯಾರನ್ನ ಬೈಲಿ?”

ಕ್ಯಾಂಟೀನಿನಲ್ಲಿ ಮಾತಾಡಿದವರೇ, ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು. ಅವತ್ತು ಆ ಕುರ್ಚಿಯ ಪಕ್ಕ ನಿಂತಾಗ ಅದು ಅರ್ಧ ಇಳಿಯಿತು. ನಾವೆಲ್ಲ ತಪ್ಪು ಹುಡುಕಿ ಹೊಟ್ಟೆ ಹೊರೆಯುವವರು. ಏನೇ ನಿಂತುಹೋದರೂ ಎಲ್ಲೋ ಒಂದು ಸಾಲು ತಪ್ಪಿರಬೇಕು, ಸಿಕ್ಕರೆ ಸರಿ ಮಾಡಿ ಮತ್ತೆ ಓಡಿಸಬಹುದು ಅಂತ ನಮ್ಮ ತಲೆ. ನೀವೂ ಅದನ್ನೇ ಹುಡುಕಿದಿರಿ. ನಾನೂ ಹುಡುಕಿದೆ. ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ನನಗೂ ಅನ್ನಿಸಿತು.

“ನನಗೆ ಹೇಳಿದ್ರೆ ಸಾಲ್ದು, ಎಲ್ಲರ ಮುಂದೆ ಹೇಳಿ, ಮಗಳು ಕೇಳ್ಬೇಕು” ಎಂದಳು ಅವನ ಹೆಂಡತಿ. ಹೇಳಿದ್ದೇನೆ. ಮತ್ತೆ ಹೇಳುತ್ತೇನೆ. ಡಬ್ಬಿ ತಡ ಮಾಡಲಿಲ್ಲ. ನರ್ಸಮ್ಮ ತಡ ಮಾಡಲಿಲ್ಲ. ಡಾಕ್ಟರ್ ತಡ ಮಾಡಲಿಲ್ಲ. ಇಸ್ತ್ರಿಯ ಕೈಯಿಂದ ಏನೂ ಆಗಿಲ್ಲ.

ಇಲ್ಲಿಗೆ ಮುಗಿಸಬೇಕು ಎಂದುಕೊಂಡಿದ್ದೆ. ಆದರೆ ಈಗ ಒಳಗೆ ಬರುವಾಗ ಬಾಗಿಲ ಹತ್ತಿರ ಈ ಮಗು ನನ್ನ ಸೆರಗು ಹಿಡಿದು ಕೇಳಿತು. “ಅತ್ತೆ, ಅಮ್ಮ ಹೇಳಿದ್ರು, ಎಲ್ಲಾ ಸರಿಯಾಗಿತ್ತಂತೆ. ಹಾಗಾದ್ರೆ ಅಪ್ಪ ಯಾಕೆ ಹೋದ್ರು?”

ಪುಟ್ಟಾ, ನನಗೆ ಗೊತ್ತಿಲ್ಲ. ನಿಮ್ಮಪ್ಪ ಈ ಪ್ರಶ್ನೆ ಕೇಳಿದ್ದರೆ ‘ತಡಿ, ನೋಡಿ ಹೇಳ್ತೀನಿ’ ಎನ್ನುತ್ತಿದ್ದೆ. ನಿನಗೆ ಹಾಗೆ ಹೇಳಲಾರೆ. ನೋಡಿದ್ದೇನೆ, ಎಲ್ಲ ಕಡೆ ನೋಡಿದ್ದೇನೆ. ಈ ಕ್ಯಾಂಟೀನಿನಲ್ಲಿ ಇಷ್ಟು ಜನ ಇಂಜಿನಿಯರುಗಳು ಕೂತಿದ್ದೇವೆ, ಯಾರ ಹತ್ತಿರವೂ ಉತ್ತರ ಇಲ್ಲ. ನಮ್ಮನ್ನು ಕ್ಷಮಿಸು.

ಈಗ ಮೌನಾಚರಣೆಗೆ ಎಲ್ಲರೂ ಎದ್ದು ನಿಲ್ಲಿ. ನಿಂತರೆ ಏನಾದರೂ ಆಗುತ್ತದೆ ಎಂದಲ್ಲ. ಮಗು ಕೇಳಿದ್ದಕ್ಕೆ ಹೇಳಲು ಮಾತಿಲ್ಲ, ಅದಕ್ಕೆ. ಗಡಿಯಾರ ನೋಡಿ ‘ಸಾಕು, ಕೂತುಕೊಳ್ಳಿ’ ಎನ್ನುವುದು ನನ್ನಿಂದ ಆಗುವುದಿಲ್ಲ. ಈ ಮಗು ಕೂತಾಗ ನಾವೂ ಕೂರೋಣ.

ಏಳಿ.